ವಿಭೂತಿಯ ಮೂರನೇ ಗೆರೆ

ಫ್ರೀಮಾಂಟ್, ೧೯೯೯. ಬೆಳಗಿನ ಆರು ಗಂಟೆ. ಬಾಡಿಗೆ ಗ್ಯಾರೇಜಿನಲ್ಲಿ ಅರವತ್ತೊಂದರ ಎತಿಯೆನ್ ಉಳಿ ಹಿಡಿದು ರೈಲಿಗೆ ಕಾಯುತ್ತಿದ್ದಾರೆ. ಹತ್ತುವುದಕ್ಕಲ್ಲ, ಅದು ಹಾದುಹೋಗಲಿ ಎಂದು. ಹಳಿ ಹಿತ್ತಲಿಗೇ ಅಂಟಿಕೊಂಡಿದೆ. ರೈಲು ಬಂದರೆ ಮೇಜು ನಡುಗುತ್ತದೆ, ಮೇಜು ನಡುಗಿದರೆ ಉಳಿ ಜಾರುತ್ತದೆ. ಮರದಲ್ಲಿ ಬಿದ್ದ ಗೆರೆಯನ್ನು ಅಳಿಸುವ ರಬ್ಬರು ಇವರು ಹುಟ್ಟಿದ ಫ್ರಾನ್ಸಿನಲ್ಲೂ ಸಿಗುವುದಿಲ್ಲ.

ಮೇಜಿನ ಮೇಲೆ ಅಂಗೈಯಗಲದ ಮರದ ಅಚ್ಚು. ಅದರಲ್ಲಿ ಮನೆ ಮಾಲೀಕ ಶಿವಪ್ರಸಾದನ ಅಜ್ಜಿಯ ಮುಖ. ಧಾರವಾಡದಿಂದ ಮಗನ ಮನೆಗೆ ಬಂದ ಅಂಬವ್ವ, ತನ್ನ ತಾಯಿಯ ಒಂದೇ ಒಂದು ಫೋಟೋ ಮಾಸುತ್ತಿದೆಯೆಂದು ಎತಿಯೆನ್ ಕೈಗೆ ಕೊಟ್ಟಿದ್ದರು. ದಿನಕ್ಕೆ ಎಂಟು ತಾಸಿನಂತೆ ನಲವತ್ತು ದಿನದ ಕೆಲಸ. ನಿನ್ನೆ ಮೊದಲ ಪ್ರತಿ ತೋರಿಸಿದಾಗ ಅಂಬವ್ವನ ಮುಖ ಕಪ್ಪಿಟ್ಟಿತು.

"ನಮ್ಮವ್ವನ ಹಣಿ ಮ್ಯಾಗಿನ ಇಬತ್ತಿ ಎಲ್ಲೈತೋ?"

ವಿಭೂತಿಯ ಮೂರು ಬಿಳಿ ಗೆರೆಗಳನ್ನು ಫೋಟೋಗೆ ಬಿದ್ದ ಗೀರುಗಳೆಂದು ತಿಳಿದು ಎತಿಯೆನ್ ಬಹಳ ಶ್ರದ್ಧೆಯಿಂದ ಕೈಬಿಟ್ಟಿದ್ದರು. ಪುಣ್ಯಕ್ಕೆ ಹಣೆಯ ಮರ ಕೆತ್ತದೆ ಹಾಗೇ ಉಳಿದಿದೆ. ಕೆತ್ತಿದ ಜಾಗವೇ ಮಸಿ ಹತ್ತದೆ ಕಾಗದದಲ್ಲಿ ಬೆಳ್ಳಗೆ ಕಾಣುವುದು. ಮೂರೇ ಗೆರೆ ಬಾಕಿ. ಹನ್ನೊಂದಕ್ಕೆ ಅಂಬವ್ವನ ವಿಮಾನ.

ಎತಿಯೆನ್ ಈ ದೇಶಕ್ಕೆ ಬಂದದ್ದು ವೈನ್ ಬಾಟಲಿಯ ಲೇಬಲ್ ಕೆತ್ತಲು. ಆ ಕೆಲಸವನ್ನು ಕಂಪ್ಯೂಟರು ನುಂಗಿತು. ಆಮೇಲೆ ಇಂಟರ್ನೆಟ್ ಕಂಪನಿಯೊಂದಕ್ಕೆ ಲೋಗೋ ಕೆತ್ತಿದರು. ಮಸಿ ಒಣಗುವುದರೊಳಗೆ ಕಂಪನಿ ಮುಚ್ಚಿತ್ತು. "ನನ್ನ ಮಸಿ ಬೇಗಾನೇ ಒಣಗುತ್ತೆ," ಎನ್ನುತ್ತಾರೆ, ನಗದೆ. ಇವರು ಉಸಿರು ಬಿಗಿಹಿಡಿದರೆ ಬೀದಿಯ ಗಡಿಯಾರಗಳೆಲ್ಲ ನಿಲ್ಲುತ್ತವಂತೆ. ಬ್ಯಾಟರಿ ಮುಗಿದಿತ್ತು ಎನ್ನುವ ಅಸೂಯೆಯವರೂ ಇದ್ದಾರೆ.

ರೈಲು ಹೋಯಿತು. ಮುಂದಿನದಕ್ಕೆ ಹದಿನೈದು ನಿಮಿಷ. ಎತಿಯೆನ್ ಉಸಿರು ಹಿಡಿಯುತ್ತಾರೆ. ಮೊದಲ ಗೆರೆ. ಎರಡನೆಯದು.

"ಸಾವಕಾಶ ತಮ್ಮಾ," ಬಾಗಿಲಲ್ಲಿ ಅಂಬವ್ವ.

"ಸುಮ್ಮನಿರವ್ವಾ," ಶಿವಪ್ರಸಾದ ಪಿಸುಗುಡುತ್ತಾನೆ.

ಮೂರನೆಯದು ಅರ್ಧ ಮುಗಿದಿದೆ. ಅಷ್ಟರಲ್ಲಿ ಗೂಡ್ಸ್ ರೈಲು. ಅದಕ್ಕೆ ಟೈಮ್‌ಟೇಬಲ್ ಇಲ್ಲ. ಎತಿಯೆನ್ ಉಳಿ ಎತ್ತುವಷ್ಟರಲ್ಲಿ ಗೆರೆಯ ತುದಿ ಮರಿಹಾವಿನಂತೆ ಹೊರಳಿಬಿಟ್ಟಿದೆ.

ಎತಿಯೆನ್ ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ, ತಲೆ ತಗ್ಗಿಸಿಯೇ ಪ್ರತಿಯನ್ನು ಚಾಚುತ್ತಾರೆ. ಅಂಬವ್ವ ಕಿಟಕಿಯ ಬೆಳಕಿಗೆ ಹಿಡಿದು ನೋಡೇ ನೋಡುತ್ತಾರೆ.

"ಹೌದು ನೋಡು, ಹಿಂಗ ಇತ್ತು. ಇಬತ್ತಿ ಹಚ್ಕೊಳ್ಳೋ ಮುಂದ ನಮ್ಮವ್ವನ ಕಡೀ ಬೆರಳು ನಡಗತಿತ್ತು. ಇವಗ ಹ್ಯಾಂಗ ಗೊತ್ತಾತೋ?"

ಶಿವಪ್ರಸಾದ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾನೆ. ಫೋಟೋದಲ್ಲಿ ಮೂರೂ ಗೆರೆ ನೆಟ್ಟಗಿವೆ. ಅವನು ಫೋಟೋವನ್ನು ಮೆಲ್ಲಗೆ ಬೋರಲು ಹಾಕುತ್ತಾನೆ.

ಅಂಬವ್ವನನ್ನು ವಿಮಾನಕ್ಕೆ ಕರೆದೊಯ್ದ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಎತಿಯೆನ್ ಉಳಿ ಒರೆಸುತ್ತಾರೆ. "ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಬಂದ ಒಳ್ಳೇ ಗೆರೆ ಅದು," ಎಂದು ತಮಗೆ ತಾವೇ ಹೇಳಿಕೊಂಡು, ಸ್ವಲ್ಪ ಯೋಚಿಸಿ, ತಿದ್ದುತ್ತಾರೆ: "ಅರ್ಧ ನನ್ನದು. ಇನ್ನರ್ಧ ಗೂಡ್ಸ್ ರೈಲಿಂದು."