ಗುಟ್ಟು ಹೇಳಲು ಜಾಗವಿಲ್ಲದ ಔಷಧಿ ಅಂಗಡಿ

ಕೆನಡಾದ ನೋವಾ ಸ್ಕೋಶಾದ ಕಡಲಂಚಿನ ನಮ್ಮೂರ ಔಷಧಿ ಅಂಗಡಿಯನ್ನು ಹೊಸ ಮಾಲೀಕರು ಒಡೆದು ಕಟ್ಟಿದಾಗ ಮೊದಲು ಹೋದದ್ದು ಪಕ್ಕದ ಪುಟ್ಟ ಕೋಣೆ. ಮೂಲವ್ಯಾಧಿಯಿಂದ ಹಿಡಿದು ಹಾಳಾದ ಸಂಸಾರದವರೆಗೆ ಎಲ್ಲವನ್ನೂ ಜನ ಆ ಕೋಣೆಯಲ್ಲೇ ಮೈರ್ನಾ ಜ್ವಿಕರ್ ಮುಂದೆ ತೋಡಿಕೊಳ್ಳುತ್ತಿದ್ದರು. ಮಾತ್ರೆ ಕೊಡುವವಳು ಅವಳು, ಗಲ್ಲಾ ನೋಡುವವಳು ನಾನು. ಈಗ ಎಲ್ಲ ಬಟಾಬಯಲು. ತಗ್ಗು ಕೌಂಟರು, ಗಾಜಿನ ಗೋಡೆ, ಬೆನ್ನಿಗೇ ಅಂಟಿದ ಸಾಲು. ಎಷ್ಟು ಲಕ್ಷಣವಾಗಿದೆ ಎಂದು ಬಂದವರೆಲ್ಲ ಹೊಗಳಿದರು. ಲಕ್ಷಣವಂತೆ, ಮಣ್ಣು! ಅಷ್ಟು ಕಣ್ಣುಗಳ ಎದುರು ಮೈರ್ನಾಗೆ ಲೆಕ್ಕವೇ ನಿಲ್ಲುತ್ತಿರಲಿಲ್ಲ. ಎಲ್ಲಿ ತಪ್ಪುತ್ತೇನೋ ಎಂದು ಎಣಿಸಿದ ಮಾತ್ರೆಗಳನ್ನೇ ಮತ್ತೆ ಎಣಿಸುತ್ತಿದ್ದಳು.

ಅಂದು ನವೆಂಬರಿನ ಕೊನೆಯ ಭಾನುವಾರ. ಬೆಳಗಾದರೆ ಲಾಬ್‌ಸ್ಟರ್ ಹಿಡಿಯುವ ಕಾಲ ಶುರು, ಬೋನು ಹೇರಿಕೊಂಡು ಊರಿನ ದೋಣಿಗಳೆಲ್ಲ ಒಟ್ಟಿಗೆ ಹೊರಡುತ್ತವೆ. ದೋಣಿಯ ಯಜಮಾನ ಬಾಸಿಲ್ ಕೋರ್ಕಮ್ ತನ್ನ ಫಿಟ್ಸ್ ಮಾತ್ರೆಗೆ ಬಂದ. ತಿಂಗಳಿಗೆಂದು ಕೊಟ್ಟದ್ದು ಅರ್ಧ ತಿಂಗಳಿಗೇ ಖಾಲಿ. ಅಂದರೆ ಒಂದರ ಬದಲು ಎರಡು ನುಂಗಿದ್ದಾನೆ. ಅವನ ಹಿಂದೆಯೇ ಅವನ ದೋಣಿಯ ಆಳು ಲೋರ್ನ್ ನಿಂತಿದ್ದ. ಯಜಮಾನನಿಗೆ ಫಿಟ್ಸ್ ಎಂದು ತಿಳಿದರೆ ಯಾವ ಆಳು ಅವನ ಜೊತೆ ಕಡಲಿಗೆ ಹೋದಾನು?

"ಹೇಗಿದೀಯ ಬಾಸಿಲ್? ಏನಾದ್ರೂ ತೊಂದರೆ ಆಯ್ತಾ?" ಎಂದಳು ಮೈರ್ನಾ.

"ಏನಿಲ್ಲ, ಮಾತ್ರೆ ಕೊಡು."

ಎರಡೆರಡು ಯಾಕೆ ನುಂಗಿದೆ ಎಂದು ಕೇಳಲು ಮೈರ್ನಾ ಬಾಯಿ ತೆರೆದಳು, ಲೋರ್ನ್‌ನನ್ನು ನೋಡಿ ಸುಮ್ಮನಾದಳು. "ಆಮೇಲೆ ಬರ್ತೀನಿ ಬಿಡು," ಎಂದು ಬಾಸಿಲ್ ಬರಿಗೈಯಲ್ಲಿ ಹೊರಟೇಬಿಟ್ಟ.

ಮೈರ್ನಾ ದಡದಡನೆ ಕೌಂಟರಿನ ಷಟರ್ ಎಳೆದಳು. ಸಾಲಿನಲ್ಲಿದ್ದ ವೆಲ್ಡಾ, ಊರಿಗೇ ಬಾಯಿಬಡುಕಿ, ಸುಮ್ಮನಿರುತ್ತಾಳೆಯೇ? "ಏನ್ ಮಹಾರಾಯ್ತಿ, ಅಂಗಡಿ ನಡೆಸ್ತಿದೀಯೋ, ಆಟ ಆಡ್ತಿದೀಯೋ?"

ಮೈರ್ನಾ ಚಳಿಯಲ್ಲಿ ಹಾಗೇ ಓಡಿದಳು. ಅವಳ ಕೋಟು ಹಿಡಿದು ನಾನೂ ಓಡಿದೆ. ಇನ್ನೇನು ಹೊರಡಲಿದ್ದ ಬಾಸಿಲ್‌ನ ಟ್ರಕ್ಕಿನ ಬಾಗಿಲು ತೆಗೆದು ಅವಳು ಒಳಗೆ ಕೂತೇಬಿಟ್ಟಳು, ನಾನು ತೆರೆದ ಬಾಗಿಲ ಬಳಿಯೇ ನಿಂತೆ.

"ಈಗ ಹೇಳು."

"ಈ ವಾರ ಎರಡು ಸಲ ಬಿದ್ದೆ ಕಣೇ. ನಾಳೆ ಹೋಗದಿದ್ರೆ ವರ್ಷವೆಲ್ಲ ಹೊಟ್ಟೆಗೇನು ಮಾಡ್ಲಿ?"

"ಚುಕ್ಕಾಣಿ ಹಿಡಿದಾಗ ಬಿದ್ರೆ? ದೋಣೀಲಿ ಲೋರ್ನ್ ಇರ್ತಾನಲ್ಲೋ, ಅವನ ಹೆಂಡ್ತಿ ಬಸುರಿ!"

ಬಾಸಿಲ್ ಎಂಜಿನ್ ಆರಿಸಿದ. "ಅವನನ್ನ ಕರಿ. ನಾನೇ ಹೇಳ್ತೀನಿ. ನಾಳೆ ಅವನೇ ದೋಣಿ ನಡೆಸ್ಲಿ," ಎಂದ.

ನಾನು ಅಂಗಡಿಗೆ ಹೋಗಿ ಲೋರ್ನ್‌ನನ್ನು ಟ್ರಕ್ಕಿನ ಬಳಿಗೆ ಕಳಿಸಿದೆ. ಮೈರ್ನಾ ಬಂದು ಷಟರ್ ಎತ್ತಿದಳು. ಎದುರಿಗೆ ವೆಲ್ಡಾ. ಬೈಗುಳಕ್ಕೆ ಕಾದು ನಿಂತೆವು. ಅವಳು ಹಿಂದೆ ಮುಂದೆ ನೋಡಿ, ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದಳು.

"ಮೈರ್ನಾ, ನನ್ನ ಜೊತೇನೂ ಒಂದ್ನಿಮಿಷ ಹೊರಗೆ ಬರ್ತೀಯಾ?"