ಹದಿಮೂರನೆಯ ಹುಡುಗಿಗೆ ಫೋನ್ ಮಾಡಿದ ಮೇಡಂ

ಮೇಡಂ ಅವರ ಬಲಗೈಯ ಕಿರುಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಎಂದೂ ಸೇರುತ್ತಿರಲಿಲ್ಲ. ಹರೆಯದಲ್ಲಿ ವಾಲಿಬಾಲ್ ಆಡುವಾಗ ಮುರಿದದ್ದು ನೆಟ್ಟಗೆ ಕೂಡಿಕೊಳ್ಳದೆ ಹೊರಕ್ಕೆ ವಾಲಿಕೊಂಡೇ ನಿಂತುಬಿಟ್ಟಿತ್ತು. ಅವರು ಕೈ ಚಾಚಿ "ಅಲ್ಲಿ ಹೋಗಿ ನಿಂತ್ಕೋ" ಅಂದರೆ, ಹೊಸ ಹುಡುಗಿಯರು ಯಾವ ಬೆರಳಿನ ದಿಕ್ಕಿಗೆ ಹೋಗಬೇಕೆಂದು ತಿಳಿಯದೆ ಅಂಕಣದ ನಡುವೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದರು. ಹಳಬರು ಮುಸಿಮುಸಿ ನಗುತ್ತಿದ್ದರು. ಮೇಡಂ ತಾವೂ ನಕ್ಕು, ತಾಳಿ ಸರದ ಪಕ್ಕದಲ್ಲೇ ಕರಿದಾರದಲ್ಲಿ ನೇತಾಡುತ್ತಿದ್ದ ವಿಶಲ್ ಊದುತ್ತಿದ್ದರು.

ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿ ನಿವೃತ್ತರಾದ ಮೇಲೆ ಅವರು ತುಮಕೂರಿನಲ್ಲಿ ಹುಡುಗಿಯರಿಗೆಂದೇ ಒಂದು ವಾಲಿಬಾಲ್ ಕ್ಲಬ್ ನಡೆಸುತ್ತಿದ್ದರು. ಕ್ಲಬ್ ಅಂದರೆ ಒಂದು ಮೈದಾನ, ಒಂದು ನೆಟ್, ಶೀಟ್ ಹೊದಿಸಿದ ಒಂದು ಕೋಣೆ, ಅಷ್ಟೇ. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಉಪ್ಪಾರಹಳ್ಳಿಯ ಮನೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದರು. ಬಂದವರೇ ಮೊದಲು ಧೂಳು ಏಳದ ಹಾಗೆ ಬಕೆಟ್ಟಿನಲ್ಲಿ ನೀರು ತಂದು ಅಂಕಣಕ್ಕೆ ಚಿಮುಕಿಸುತ್ತಿದ್ದರು. ಆಟ ಮುಗಿದ ಮೇಲೆ ಡಬ್ಬಿ ತೆಗೆದು ಎಲ್ಲರ ಕೈಗೂ ಒಂದೊಂದು ಹಿಡಿ ಕಡಲೆಕಾಯಿ, ಒಂದು ಚೂರು ಬೆಲ್ಲ.

ಅಪ್ಪ ಅಮ್ಮಂದಿರನ್ನು ಕಂಡರೆ ಮಾತ್ರ ಅವರಿಗೆ ಅಷ್ಟಕ್ಕಷ್ಟೆ. ಅಂಕಣದಿಂದ ಹದಿನೈದು ಹೆಜ್ಜೆ ದೂರದಲ್ಲಿ ಸುಣ್ಣದಲ್ಲಿ ಒಂದು ಗೆರೆ ಹಾಕಿಸಿದ್ದರು. ನಾವೆಲ್ಲ ಆ ಗೆರೆಯ ಆಚೆಯೇ ನಿಲ್ಲಬೇಕು, ಬಾಯಿ ಬಿಡಬಾರದು. ನಾನು ಒಂದು ಸಲ ಮಗಳಿಗೆ "ಜೋರಾಗಿ ಹೊಡಿಯೇ" ಎಂದು ಕೂಗಿದ್ದಕ್ಕೆ, ಚೆಂಡನ್ನು ತಂದು ನನ್ನ ಕೈಗೇ ಕೊಟ್ಟು, ನೀವೇ ಹೊಡೆದು ತೋರಿಸಿ ಅಂದರು. ನಾನು ಹೊಡೆದೆ. ಚೆಂಡು ನೆಟ್ಟನ್ನೂ ಮುಟ್ಟಲಿಲ್ಲ. ಅವತ್ತಿನಿಂದ ಗೆರೆಯ ಆಚೆ ತೆಪ್ಪಗೆ ನಿಲ್ಲುವುದನ್ನು ಕಲಿತೆ. ಉಳಿದದ್ದನ್ನು ಕಲಿಯಲಿಲ್ಲ, ಅದೇ ಇಲ್ಲಿ ಹೇಳಬೇಕಾದ ಮಾತು.

ಪ್ರತಿ ವರ್ಷ ಮೇ ತಿಂಗಳಲ್ಲಿ ಎರಡು ದಿನ ಆಯ್ಕೆ ನಡೆಯುತ್ತಿತ್ತು. ಗುಬ್ಬಿ, ಕುಣಿಗಲ್, ಊರ್ಡಿಗೆರೆಯಿಂದೆಲ್ಲ ಹುಡುಗಿಯರು ಬರುತ್ತಿದ್ದರು. ತಂಡಕ್ಕೆ ಬೇಕಾದವರು ಹನ್ನೆರಡು ಜನ. ಮೇಡಂ ಹೆಸರುಗಳನ್ನು ಕೂಗಿ ಹೇಳುತ್ತಿರಲಿಲ್ಲ. ಒಬ್ಬೊಬ್ಬಳನ್ನೇ ಕೋಣೆಗೆ ಕರೆದು ಮುಖ ನೋಡಿ ಹೇಳುತ್ತಿದ್ದರು. ಆಯ್ಕೆಯಾಗದವಳಿಗೂ ಅವಳು ಎಷ್ಟನೆಯವಳೆಂದು ಮುಚ್ಚುಮರೆ ಇಲ್ಲದೆ ತಿಳಿಸುತ್ತಿದ್ದರು. ಆಮೇಲೆ ಆಯ್ಕೆಯಾದವರಿಗೆ ಮೂರು ದಿನದ ಗಡುವು. ಭಾನುವಾರ ಸಂಜೆ ಐದರೊಳಗೆ ಹುಡುಗಿ ಮನೆಯವರೊಬ್ಬರ ಜೊತೆ ಬಂದು, ಕೋಣೆಯ ಗೋಡೆಯ ಕರಿಹಲಗೆಯ ಮೇಲೆ ತನ್ನ ಹೆಸರನ್ನು ತಾನೇ ಬರೆಯಬೇಕು. ಫಾರಂ ಇಲ್ಲ, ಸಹಿ ಇಲ್ಲ. ಬರೆದ ಮೇಲೆ ಆ ವರ್ಷ ಬೇರೆ ಕಡೆ ಹೋಗುವ ಹಾಗಿಲ್ಲ, ಬರೆಯಲು ಇಷ್ಟವಿಲ್ಲದವರು ಸಂಕೋಚವಿಲ್ಲದೆ ಬೇಡ ಅನ್ನಬಹುದು. ಐದು ಹೊಡೆದ ತಕ್ಷಣ ಮೇಡಂ ಅಲ್ಲೇ ನಿಂತು, ಕಾಯುತ್ತಿರುವ ಹುಡುಗಿಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. ಜಾಗ ಇದ್ದರೆ ಬಾ ಎಂದು, ಇಲ್ಲದಿದ್ದರೆ ಇಲ್ಲ ಎಂದು.

ಇಷ್ಟು ಬಿಗಿ ಯಾಕೆ ಎಂದು ಯಾರೋ ತಂದೆ ಕೇಳಿದಾಗ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ನೀವು ಮನೇಲಿ ಯೋಚನೆ ಮಾಡ್ತಾ ಕೂತಿರೋಷ್ಟು ಹೊತ್ತೂ, ಇನ್ನೊಂದು ಮನೇಲಿ ಒಂದು ಮಗು ಫೋನ್ ನೋಡ್ಕೊಂಡು ಕೂತಿರುತ್ತೆ. ನಿಮ್ ಯೋಚನೆ ಅಲ್ಲ ನಂಗೆ ಮುಖ್ಯ, ಆ ಮಗು."

ನನ್ನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ ವರ್ಷ ಆಯ್ಕೆಯಾದಳು. ಹನ್ನೆರಡನೆಯವಳಾಗಿ. ಹದಿಮೂರನೆಯವಳು ಗುಬ್ಬಿಯ ಒಬ್ಬ ಹುಡುಗಿ. ಎರಡೂ ದಿನ ಮೊದಲ ಬಸ್ಸಿಗೆ ಬಂದು, ಶಾಲೆಯಲ್ಲಿ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಶೂನಲ್ಲೇ ಆಡಿದಳು. ಕೂದಲು ಕಣ್ಣಿಗೆ ಬೀಳುತ್ತಿದೆ, ಕ್ಲಿಪ್ ಇದ್ದರೆ ಕೊಡಿ ಆಂಟಿ ಎಂದು ಗೆರೆಯ ಹತ್ತಿರ ಬಂದು ಕೇಳಿದ್ದಳು. ನಾನು ನನ್ನ ತಲೆಯಿಂದಲೇ ತೆಗೆದು ಕೊಟ್ಟೆ. ಚೆಂಡನ್ನು ಎತ್ತಿಕೊಡುವುದರಲ್ಲಿ ಅವಳು ನನ್ನ ಮಗಳಿಗಿಂತ ಚುರುಕು ಎಂದು ಆಟ ತಿಳಿಯದ ನನಗೂ ಕಾಣುತ್ತಿತ್ತು. ಮಗಳು ಅವಳಿಗಿಂತ ನಾಲ್ಕು ಬೆರಳು ಹೆಚ್ಚು ಎತ್ತರ ಇದ್ದಳು, ಅದರಿಂದ ಗೆದ್ದಳು.

ಆ ಹುಡುಗಿಗೆ ಈ ತಂಡ ಬರೀ ಆಟವಾಗಿರಲಿಲ್ಲ. ತಂಡದಲ್ಲಿದ್ದಾಳೆ ಎಂದು ಮೇಡಂ ಪತ್ರ ಕೊಟ್ಟರೆ, ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು, ಜೊತೆಗೆ ಹಾಸ್ಟೆಲ್ ಸಿಗುತ್ತಿತ್ತು. ಅರ್ಜಿಗೆ ಆ ಭಾನುವಾರದ ನಂತರದ ಬುಧವಾರ ಕೊನೆ ದಿನ. ಪತ್ರ ಸಿಗದಿದ್ದರೆ ಅವಳು ವಸಂತನರಸಾಪುರದ ಫ್ಯಾಕ್ಟರಿಗೆ ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹದಿನೆಂಟು ತುಂಬಿತ್ತಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆಯ್ಕೆಯ ಎರಡನೆಯ ದಿನ, ನೀರು ಕುಡಿಯುತ್ತಾ ಅವಳೇ ಹೇಳಿದ್ದಳು. ಗೊತ್ತಿರಲಿಲ್ಲ ಅನ್ನುವ ಅನುಕೂಲವೂ ನನಗಿಲ್ಲ.

ನಾನೇನು ಮಾಡಿದೆ ಅಂದರೆ, ಅದೇ ವಾರ ಮಗಳನ್ನು ಬೆಂಗಳೂರಿನ ಒಂದು ದೊಡ್ಡ ಕ್ಲಬ್ಬಿನ ಆಯ್ಕೆಗೂ ಗುಟ್ಟಾಗಿ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಫಲಿತಾಂಶ ಮುಂದಿನ ವಾರದ ಗುರುವಾರ ಬರುವುದಿತ್ತು, ಇಲ್ಲಿಯ ಗಡುವು ಅದಕ್ಕೂ ಮೊದಲೇ, ಭಾನುವಾರ. ಅಲ್ಲಿ ಸಿಗದಿದ್ದರೆ ಇಲ್ಲಿಯದಾದರೂ ಇರಲಿ ಎಂದು ನನ್ನ ಲೆಕ್ಕಾಚಾರ. ಶಾಲೆಯೊಂದರ ಆಫೀಸಿನಲ್ಲಿ ಅಡ್ಮಿಷನ್ ನೋಡಿಕೊಳ್ಳುವವಳು ನಾನು. ಎರಡು ಮೂರು ಶಾಲೆಗಳಲ್ಲಿ ಸೀಟು ಹಿಡಿದಿಟ್ಟುಕೊಂಡು ಕೊನೆ ಗಳಿಗೆಯಲ್ಲಿ ಕೈಕೊಡುವ ತಂದೆತಾಯಿಗಳನ್ನು ದಿನವೂ ಬೈಯುತ್ತಿದ್ದವಳು, ನನ್ನ ಸರದಿ ಬಂದಾಗ ಅದನ್ನೇ ಜಾಣತನ ಅಂದುಕೊಂಡೆ.

ಭಾನುವಾರ ಐದಕ್ಕೆ ಐದು ನಿಮಿಷ ಇರುವಾಗ ಹೋದೆವು. ಹಲಗೆಯ ಮೇಲೆ ಹನ್ನೊಂದು ಹೆಸರಿತ್ತು. ಮಗಳು ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿದಳು. ಮೇಡಂ ಅದನ್ನು ನೋಡಿದರು.

"ಬೇರೆ ಕಡೆಯಿಂದ ಏನಾದ್ರೂ ಕಾಯ್ತಾ ಇದೀರಾ?" ಎಂದು ಕೇಳಿದರು. ದನಿಯಲ್ಲಿ ಅನುಮಾನ ಇರಲಿಲ್ಲ. "ಇದ್ರೆ ಹೇಳ್ಬಿಡಿ, ಬೇಜಾರಿಲ್ಲ."

"ಇಲ್ಲ ಮೇಡಂ" ಅಂದೆ.

ಮಗಳು ಬರೆದಳು. ಅಕ್ಷರ ಸೊಟ್ಟಗಾಯಿತು, ಆದರೂ ಒರೆಸಿ ಮತ್ತೆ ಬರೆಯಲಿಲ್ಲ. ಐದು ಹೊಡೆಯಿತು. ಮೇಡಂ ನನ್ನೆದುರಿಗೇ ಗುಬ್ಬಿಗೆ ಫೋನ್ ಮಾಡಿದರು. ಆ ಕಡೆ ಮೊದಲ ರಿಂಗಿಗೇ ಎತ್ತಿದಳು. "ಈ ಸಲ ಆಗ್ಲಿಲ್ಲ ಕಣಮ್ಮ. ಇನ್ ಕಾಯ್ಬೇಡ, ಬೇರೆ ದಾರಿ ನೋಡ್ಕೋ" ಅಂದರು. ಅವರು ಫೋನ್ ಇಟ್ಟ ತಕ್ಷಣ ನಾವು ಗೇಟು ದಾಟಿ ಹೊರಟೆವು. ದಾರಿಯುದ್ದಕ್ಕೂ ಮಗಳು ನನಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಸುಸ್ತಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಬೆಂಗಳೂರಿನಿಂದ ಮೆಸೇಜು ಬಂತು. ಮಗಳಿಗೆ ಅಲ್ಲಿ ಜಾಗ ಸಿಕ್ಕಿತ್ತು. ಮೇಡಂಗೆ ಫೋನ್ ಮಾಡುವ ಧೈರ್ಯವಿಲ್ಲದೆ, ಅನಿವಾರ್ಯ ಕಾರಣಗಳಿಂದ ತಂಡ ಸೇರಲಾಗುತ್ತಿಲ್ಲ, ದಯವಿಟ್ಟು ಕ್ಷಮಿಸಿ ಎಂದು ವಾಟ್ಸಾಪ್‌ನಲ್ಲಿ ಹಾಕಿ, ಕೊನೆಗೆ ಕೈಮುಗಿಯುವ ಚಿತ್ರವನ್ನೂ ಸೇರಿಸಿದೆ. ಎರಡೇ ನಿಮಿಷಕ್ಕೆ ಅವರ ಫೋನ್ ಬಂತು. ಬೈಯಲಿಲ್ಲ. ಹೀಗಾಗಬಹುದು ಎಂದು ಭಾನುವಾರವೇ ನಿಮಗೆ ಗೊತ್ತಿತ್ತಾ ಎಂದಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ, ನಾಳೆ ನನ್ನ ಜೊತೆ ಗುಬ್ಬಿಗೆ ಬನ್ನಿ ಅಂದರು. "ನೀವೇನೂ ಹೇಳೋದ್ ಬೇಡ. ಬಂದು ನಿಂತ್ಕೊಳಿ, ಸಾಕು."

ಶುಕ್ರವಾರ ಆಫೀಸಿಗೆ ರಜೆ ಹಾಕಿ ಅವರ ಜೊತೆ ಬಸ್ಸು ಹತ್ತಿದೆ. ಪಕ್ಕದಲ್ಲೇ ಕೂತಿದ್ದರೂ ಮೇಡಂ ಗುಬ್ಬಿ ಬರುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಮನೆಯಲ್ಲಿ ಹುಡುಗಿಯ ತಾಯಿ ಹೊಲಿಗೆ ಯಂತ್ರದ ಮುಂದೆ ಇದ್ದರು. ಹುಡುಗಿ ಇರಲಿಲ್ಲ. ಸೋಮವಾರವೇ ಫ್ಯಾಕ್ಟರಿಗೆ ಸೇರಿಯಾಗಿತ್ತು, ಬೆಳಗಿನ ಶಿಫ್ಟಿಗೆ ವ್ಯಾನಿನಲ್ಲಿ ಹೋಗಿದ್ದಳು. ಒಂದು ಜಾಗ ಖಾಲಿಯಾಗಿದೆ ಎಂದು ಮೇಡಂ ಹೇಳಿದಾಗ ಆ ತಾಯಿ ಸಿಟ್ಟು ಮಾಡಲಿಲ್ಲ, ಗಾಬರಿಯಾದರು.

"ನೀವೇ ಕಾಯ್ಬೇಡ ಅಂದ್ರಲ್ಲ ಮೇಡಂ. ನಿಮ್ ಮಾತು ಅಂತ್ಲೇ ಕಳ್ಸ್‌ಬುಟ್ಟೆ. ಕಾಲೇಜಿನ ಅರ್ಜಿನೂ ಬುಧವಾರಕ್ಕೇ ಮುಗ್ದೋಯ್ತಲ್ಲ."

ಮೇಡಂ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಯಾರಿಂದ ಜಾಗ ಖಾಲಿಯಾಯಿತು, ನಾನು ಯಾರು ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ತಾಯಿ ನನ್ನನ್ನು ಕ್ಲಬ್ಬಿನ ಇನ್ನೊಬ್ಬ ಮೇಡಂ ಅಂದುಕೊಂಡು ಟೀ ಮಾಡಿಕೊಟ್ಟರು. ನಾನು ಕುಡಿದೆ. ಈಗ ಯೋಚಿಸಿದರೆ ಮಾಡಿದ ತಪ್ಪಿಗಿಂತ ಆ ಟೀ ಕುಡಿದದ್ದಕ್ಕೇ ಹೆಚ್ಚು ಅಸಹ್ಯವಾಗುತ್ತದೆ.

ಅಲ್ಲಿಂದ ತಿರುಗಿ ಬಂದು ಮೇಡಂ ನೇರವಾಗಿ ಕಾಲೇಜಿಗೆ ಹೋದರು. ಇನ್ನೊಂದು ದಿನ ಕೊಡಿ ಎಂದು ಆಫೀಸಿನಲ್ಲಿ ಬೇಡಿಕೊಂಡರು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, ಕುರ್ಚಿ ಕೊಟ್ಟರು, ಆದರೆ ಪಟ್ಟಿ ಮೇಲಕ್ಕೆ ಹೋಗಿಯಾಗಿತ್ತು. ಸಂಜೆಯಾದರೂ ಬಂದು ಆಡಲಿ ಎಂದು ಮೇಡಂ ಆ ಹುಡುಗಿಗೆ ಹೇಳಿ ಕಳಿಸಿದರು. ವಾರಕ್ಕೊಮ್ಮೆ ಬದಲಾಗುವ ಶಿಫ್ಟಿನಲ್ಲಿ ಅದು ಆಗುವ ಮಾತಾಗಿರಲಿಲ್ಲ. ಆ ವರ್ಷ ತಂಡ ಹನ್ನೊಂದು ಜನರಲ್ಲೇ ಆಡಿತು. ಹದಿನಾಲ್ಕನೆಯವಳು, ಕುಣಿಗಲ್ಲಿನ ಹುಡುಗಿ, ಅಷ್ಟರಲ್ಲಿ ಬೇರೆ ಕ್ಲಬ್ ಸೇರಿದ್ದಳು.

ಮಾರನೆಯ ವರ್ಷ ಮೇಡಂ ಕೂಡ ಫಾರಂ ಮಾಡಿಸಿದರು ಎಂದು ಕೇಳಿದೆ. ಮೂರು ಪುಟ, ತಂದೆ ತಾಯಿ ಇಬ್ಬರ ಸಹಿ, ಆಧಾರ್ ಜೆರಾಕ್ಸು. ಕಾಯುವವರಿಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಪಟ್ಟಿಯನ್ನು ಗೋಡೆಗೆ ಅಂಟಿಸತೊಡಗಿದರಂತೆ. ಎಲ್ಲ ಕ್ಲಬ್ಬುಗಳ ಹಾಗೆ ಅದೂ ಒಂದು ಕ್ಲಬ್ಬಾಯಿತು. ಅಷ್ಟು ವರ್ಷ ನಂಬಿಕೆಯ ಮೇಲೆ ನಡೆದದ್ದನ್ನು ಮುಗಿಸಲು ನನ್ನ ಒಂದು ಮಾತು ಸಾಕಾಗಿತ್ತು.

ನನ್ನ ಮಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಕ್ಲಬ್ಬಿನಲ್ಲಿ ಎಂಟು ತಿಂಗಳು ಬೆಂಚಿನ ಮೇಲೆ ಕುಳಿತಳು. ದಿನವೂ ರೈಲಿನಲ್ಲಿ ಹೋಗಿ ಬಂದಳು. ಒಂದು ದಿನ ಬ್ಯಾಗನ್ನು ಬೀರುವಿನ ಮೇಲಿಟ್ಟು, ಇನ್ನು ಹೋಗುವುದಿಲ್ಲ ಅಂದಳು. ಕಾಲು ನೋವಾ ಎಂದು ಕೇಳಿದೆ. "ನೋವೇನಿಲ್ಲಮ್ಮ. ಆ ಜಾಗ ನಂದಲ್ಲ ಅನ್ಸುತ್ತೆ, ಎಲ್ ನಿಂತ್ರೂ" ಅಂದಳು. ಆಮೇಲೆ ಅವಳು ಚೆಂಡು ಮುಟ್ಟಲಿಲ್ಲ.

ಕಳೆದ ವರ್ಷ ಮೇಡಂ ಹಾಸಿಗೆ ಹಿಡಿದರು. ಸುದ್ದಿ ತಿಳಿದರೂ ಹೋಗಲು ಒಂದು ತಿಂಗಳು ಹಿಂದೆಮುಂದೆ ನೋಡಿದೆ. ಕೊನೆಗೂ ಉಪ್ಪಾರಹಳ್ಳಿಯ ಅವರ ಮನೆಗೆ ಹೋದಾಗ ಸೊರಗಿ ಅರ್ಧವಾಗಿದ್ದರು. ಅವರ ಯಜಮಾನರು ಕಾಫಿ ತರಲು ಒಳಗೆ ಹೋದ ಹೊತ್ತಿನಲ್ಲಿ, ತಪ್ಪಾಯಿತು ಮೇಡಂ, ಕ್ಷಮಿಸಿಬಿಡಿ ಅಂದೆ. ಅಳು ಬಂತು.

"ನನ್ ಹತ್ರ ಕೇಳಿ ಏನ್ ಮಾಡ್ತೀರಾ?" ಅಂದರು. "ಕಾಯ್ಬೇಡ ಅಂತ ಹೇಳಿದ್ದು ನನ್ ಬಾಯಿ. ನಾನೂ ಕೇಳ್ಬೇಕಾದೋಳೇ. ಹೋಗಿ ಆ ಹುಡುಗಿ ಹತ್ರ ಕೇಳಿ."

ನಾನು ಹೋಗಲಿಲ್ಲ. ಮುಂದಿನ ವಾರ, ಹಬ್ಬ ಕಳೆಯಲಿ, ಶಾಲೆಯ ಅಡ್ಮಿಷನ್ ಮುಗಿಯಲಿ ಎಂದು ದಿನ ದೂಡಿದೆ. ಅಷ್ಟರಲ್ಲಿ ಮೇಡಂ ತೀರಿಕೊಂಡರು.

ಅವತ್ತು ಉಪ್ಪಾರಹಳ್ಳಿಯ ಆ ರಸ್ತೆಯ ತುಂಬ ಹುಡುಗಿಯರು. ಮದುವೆಯಾಗಿ ಮಗು ಎತ್ತಿಕೊಂಡವರು, ಪೊಲೀಸ್ ಸಮವಸ್ತ್ರದವರು, ಬುರ್ಖಾ ತೊಟ್ಟವರು, ಆಯ್ಕೆಯಾದವರು, ಆಗದವರು. ಗುಂಪಿನ ಅಂಚಿನಲ್ಲಿ ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಗುಬ್ಬಿಯ ಹುಡುಗಿ ನಿಂತಿದ್ದಳು. ಶಿಫ್ಟು ಮುಗಿಸಿ ನೇರವಾಗಿ ಬಂದಿರಬೇಕು. ಅವಳೇ ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು. ಹನ್ನೆರಡನೆಯ ಹೆಸರು ಯಾರದಾಗಿತ್ತು, ಮರುವಾರ ಯಾರು ಬಿಟ್ಟು ಹೋದರು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಅದು ಅವಳ ಕಣ್ಣಿನಲ್ಲೇ ತಿಳಿಯುತ್ತಿತ್ತು. ಮೇಡಂ ಹೇಳಿದ್ದನ್ನು ಈಗಲಾದರೂ ಮಾಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಅವ್ಳು ಈಗ್ಲೂ ಆಡ್ತಾಳಾ ಆಂಟಿ?"

ಕ್ಷಮೆ ಕೇಳಬೇಕಾದ ಬಾಯಿಂದ "ಹ್ಞೂಂ ಕಣಮ್ಮ, ಆಡ್ತಾಳೆ" ಎಂದು ಬಂತು.

"ಹಂಗಾದ್ರೆ ಪರ್ವಾಗಿಲ್ಲ ಬಿಡಿ" ಅಂದಳು. ನಿಜವಾಗಿಯೂ ಅವಳಿಗೆ ಎಷ್ಟೋ ಸಮಾಧಾನವಾದ ಹಾಗಿತ್ತು.