ಊದು, ನೋಡೋಣ

ಆಗೆಲ್ಲ ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದು ಗಂಜಿಯ ವಾಸನೆಯಿಂದ. ಎಂಬತ್ತರ ದಶಕದ ಮೊದಲ ವರ್ಷಗಳು. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳು ಒಂದೊಂದಾಗಿ ಏಳುತ್ತಿದ್ದರೂ ಮನೆಮಾತು ಕನ್ನಡವಾದ ನಮ್ಮ ನೇಕಾರರ ಬೀದಿಯಲ್ಲಿ ಇನ್ನೂ ಕೈಮಗ್ಗದ್ದೇ ಸದ್ದು. ಹೊತ್ತು ಮೂಡುವ ಮೊದಲೇ ಬೀದಿಯುದ್ದಕ್ಕೂ ಪಾವು ಹಾಸುತ್ತಿದ್ದರು. ಪಾವೆಂದರೆ ಮಗ್ಗಕ್ಕೆ ಏರಬೇಕಾದ ಹಾಸುನೂಲು. ಅದನ್ನು ಕೋಲುಗಳ ಮೇಲೆ ಬಿಗಿಯಾಗಿ ಎಳೆದು, ಗಂಜಿ ಸವರಿ, ಕುಂಚದಲ್ಲಿ ಬಾಚಿ, ಬಿಸಿಲೇರುವುದರೊಳಗೆ ಮುಗಿಸಬೇಕು. ಬಾಚುವ ಮೊದಲೇ ಒಣಗಿದರೆ ಎಳೆಗಳು ಅಂಟಿಕೊಂಡು ಪಾವೇ ಹಾಳು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮದಕ್ಕೆ ನೀವು.

ಉಳಿದ ಮಕ್ಕಳು ಪಾವಿನ ಕೆಳಗೆ ನುಸುಳಿ ಆಡುತ್ತಿದ್ದರು. ನಾನು ಮಾತ್ರ, ಎಮ್ಮೆ ನುಗ್ಗಿದರೆ, ಮಳೆ ಹನಿದರೆ ಎಂದು ಚಿಂತಿಸುತ್ತ ಪಕ್ಕದಲ್ಲಿ ನಿಂತಿರುತ್ತಿದ್ದೆ. "ನಿನ್ ಭಯಕ್ಕೇ ನೂಲು ಕಿತ್ಕೊಳ್ತದೆ, ಆ ಕಡೆ ಹೋಗ್ಡೀ," ಎಂದು ಅವ್ವ ಗದರುತ್ತಿದ್ದಳು. ಕೊನೆಗೆ ನಡೆದದ್ದು ನಾನು ಚಿಂತಿಸಲು ಮರೆತಿದ್ದ ಒಂದೇ ಸಂಗತಿ.

ನನ್ನ ಅಣ್ಣ ಲಿಂಗ, ಒಂಬತ್ತನೇ ಕ್ಲಾಸಿನವನು, ಇಬ್ಬರು ಗೆಳೆಯರ ಜೊತೆ ಸೇರಿ ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಕರ್ಚೀಫಿಗೆ ಹಚ್ಚಿ ಮೂಸುವ ಚಟ ಹತ್ತಿಸಿಕೊಂಡಿದ್ದ. ನಮಗೆ ಅದು ಗೊತ್ತಾದದ್ದು ಸೈಕಲ್ ಅಂಗಡಿಯ ಬೀಗ ಒಡೆದು ಸೊಲ್ಯೂಷನ್ ಡಬ್ಬ ಕದ್ದು ಪೊಲೀಸರ ಕೈಗೆ ಸಿಕ್ಕಾಗ. ಅಪ್ಪ ಮಗ್ಗದ ಗುಂಡಿಯಿಂದ ಎದ್ದೇಳಲೇ ಇಲ್ಲ. ಎದ್ದದ್ದು ಅಪ್ಪನ ಅಣ್ಣ, ಬೀದಿಯ ಯಜಮಾನ, ನಮ್ಮ ದೊಡ್ಡಪ್ಪ. ಹಿರಿಯರನ್ನೆಲ್ಲ ಕರೆದುಕೊಂಡು ಸ್ಟೇಷನ್ನಿಗೆ ಹೋಗಿ, ಹುಡುಗನನ್ನು ನಮ್ಮ ಬೀದಿಗೆ ಕೊಡಿ, ನಾವು ತಿದ್ದುತ್ತೇವೆ ಎಂದು ತಮಿಳಿನಲ್ಲಿ ಬೇಡಿದ. "ಕೂಟ್ಟಿಟ್ಟು ಪೋಂಗ," ಕರಕೊಂಡು ಹೋಗಿ, ಎಂದರಂತೆ ಇನ್ಸ್‌ಪೆಕ್ಟರು. ದೀಪಾವಳಿವರೆಗೆ ನೋಡುತ್ತೇನೆ, ಮತ್ತೆ ಮೂಸಿದನೋ, ಬಾಲಾಪರಾಧಿಗಳ ಶಾಲೆಗೇ.

ಅಣ್ಣನಿಗೆ ಕೊಟ್ಟ ಶಿಕ್ಷೆ ಇಷ್ಟೇ: ಯಾರ ಮನೆಯ ಪಾವು ಹಾಸಿದರೂ ಅವನು ಕಿತ್ತ ನೂಲು ಕಟ್ಟಬೇಕು, ಅವತ್ತು ಆ ಮನೆಯಲ್ಲೇ ಉಣ್ಣಬೇಕು. ಕೆಲಸಕ್ಕೆ ಕೈ ಹಾಕುವ ಮೊದಲು ಬೀದಿಗೇ ಹಿರಿಯನಾದ ವೆಂಕಟಾಚಲ ತಾತನ ಮುಂದೆ ಬಾಯಿ ತೆರೆದು ಊದಬೇಕು. ಜೀವಮಾನವಿಡೀ ನಶ್ಯ ಏರಿಸಿದ ಮೂಗು ತಾತನದು. ಅದಕ್ಕೆ ಏನು ತಿಳಿಯುತ್ತಿತ್ತೋ!

"ಊದು ಡಾ, ನೋಡೋಣ."

"ಊದ್ದೆನಲ್ಲ ತಾತ."

"ಬೆಳ್ಳುಳ್ಳಿ ತಿಂದ್ಯಾ?"

"ಇಲ್ಲ ತಾತ, ಇನ್ನೂ ಹಲ್ಲೇ ಉಜ್ಜಿಲ್ಲ."

"ಥೂ! ಹೋಗು, ನೂಲು ಕಟ್ಟು."

ಬೀದಿಗೆ ಬೀದಿಯೇ ನಗುತ್ತಿತ್ತು. ಅಣ್ಣನಿಗೆ ಕಿವಿ ಕೆಂಪಾಗುತ್ತಿತ್ತು. ಮೊದಮೊದಲು ಅವನು ಕಟ್ಟಿದ ನೂಲು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ನಿಲ್ಲುವ ಹೊತ್ತಿಗೆ, ಬೂದಿ ಸವರಿದ ಬೆರಳಲ್ಲಿ ಅವನು ಹೊಸೆದ ನೂಲಿನ ಕಟ್ಟು ಎಲ್ಲಿದೆ ಎಂದು ಹುಡುಕಬೇಕಿತ್ತು. ಮನೆಮನೆಯ ಸಜ್ಜೆ ಕೂಳು, ಮಜ್ಜಿಗೆ, ಸಣ್ಣೀರುಳ್ಳಿ ತಿಂದು ಕೆನ್ನೆ ತುಂಬಿಕೊಂಡಿತು. ನಾನೂ ಸ್ವಲ್ಪ ಚಿಂತೆ ಬಿಟ್ಟೆ. ಬಿಡಬಾರದಿತ್ತು.

ಆ ವರ್ಷವೂ ಹಬ್ಬಕ್ಕೆ ನಮ್ಮ ಕುಲದೇವಿ ಚೌಡಮ್ಮನಿಗೆ ಉಡಿಸುವ ಸೀರೆ ದೊಡ್ಡಪ್ಪನ ಮಗ್ಗದಲ್ಲೇ ನೇಯ್ಗೆಗೆ ಕೂತಿತ್ತು. ದೇವಿಯ ಸೀರೆ ಯಾವತ್ತೂ ಆ ಮನೆಯದೇ. ಅದರ ಮೇಲೆ ಕಲೆ ಬೀಳುವುದೆಂದರೆ ಮನೆತನಕ್ಕೇ ಬಿದ್ದ ಹಾಗೆ. ಒಂದು ಸಂಜೆ ನಾನು ಅಲ್ಲಿ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ದೊಡ್ಡಪ್ಪ ಅಣ್ಣನನ್ನು ಕರೆಸಿದ. ಮಗ್ಗಕ್ಕೆ ಬಿಟ್ಟ ಎಣ್ಣೆ ಒಂದು ಹನಿ ಸೀರೆಯ ಒಡಲಿಗೆ ಬಿದ್ದಿತ್ತು.

"ಪೆಟ್ರೋಲ್ ತಂದು ಒರೆಸು ಲಿಂಗಾ. ನಿಂದು ಹಗುರ ಕೈ. ಯಾರ್ಗೂ ಗೊತ್ತಾಗ್ಬಾರ್ದು."

"ನಾನಾ, ದೊಡ್ಡಪ್ಪಾ? ಬೆಳಿಗ್ಗೆ ಊದ್ಬೇಕಲ್ಲ?"

"ನಾನಿಲ್ವಾ ಡಾ?"

ಕಲೆ ಹೋಯಿತು. ಅಂಗಿಗೆ ಚೆಲ್ಲಿದ ಪೆಟ್ರೋಲಿನ ವಾಸನೆ ಹೋಗಲಿಲ್ಲ. ಮರುದಿನ ತಾತನ ನಶ್ಯದ ಮೂಗಿಗೂ ಅದು ತಾಗಿತು. ಪೆಟ್ರೋಲ್ ಯಾವುದು, ಸೊಲ್ಯೂಷನ್ ಯಾವುದು ಎಂದು ಅವನಿಗೇನು ಗೊತ್ತು? ತಾತ ಹಿಂದೆ ಸರಿದು, "ಅಯ್ಯೋ ಪಾಪಿ!" ಎಂದ. ಕುಂಚಗಳು ನಿಂತವು. ಅಣ್ಣ ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ನೆಟ್ಟಗೇ ಇದ್ದ ಪಾವಿನ ಕೋಲನ್ನು ನೆಟ್ಟಗೆ ಮಾಡುತ್ತಿದ್ದ.

"ಪೆಟ್ರೋಲ್ ತರ್ಸಿದ್ದು ದೊಡ್ಡಪ್ಪನೇ! ಸೀರೆಗೆ..." ಎಂದು ನಾನು ಕಿರುಚುವಷ್ಟರಲ್ಲಿ ಅವ್ವನ ಗಂಜಿ ಮೆತ್ತಿದ ಅಂಗೈ ನನ್ನ ಬಾಯಿ ಮುಚ್ಚಿತು. "ದೇವಿ ಸೀರೆ ಮೇಲೇ ಅಪವಾದ ಹಾಕ್ತಾಳಲ್ಲ ಈ ಹುಡುಗಿ!" ಎಂದರು ಯಾರೋ. ಅಪ್ಪ ಹುಟ್ಟಿದಂದಿನಿಂದ ತನ್ನಣ್ಣನ ಎದುರು ಮಾತಾಡಿದವನಲ್ಲ, ಅವತ್ತೂ ಆಡಲಿಲ್ಲ. ಅಣ್ಣನೂ ಆಡಲಿಲ್ಲ.

"ಪಾವು ಒಣಗ್ತಾ ಇದೆ. ಕೆಲ್ಸ ನೋಡಿ," ಎಂದ ದೊಡ್ಡಪ್ಪ.

ಬೇಡಿ ತಂದವರೇ ಮಧ್ಯಾಹ್ನ ಅವನನ್ನು ಸ್ಟೇಷನ್ನಿಗೆ ಬಿಟ್ಟು ಬಂದರು. ಚೌಡಮ್ಮನಿಗೆ ಸೀರೆ ಉಡಿಸಿದಾಗ ಎಲ್ಲರೂ ಎಷ್ಟು ನಿರ್ಮಲವಾಗಿದೆ ಎಂದು ಕೈಮುಗಿದರು. ನಾನೂ ಮುಗಿದೆ, ಹಲ್ಲು ಕಚ್ಚಿಕೊಂಡು.

ಆ ಶಾಲೆಯಿಂದ ಮರಳಿದ ಅಣ್ಣ ಮತ್ತೆ ನೂಲು ಮುಟ್ಟಲಿಲ್ಲ. ಕುರಿಚಿಯ ಒಂದು ಫೌಂಡ್ರಿ ಸೇರಿದ. ಇವತ್ತಿಗೂ ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸುತ್ತಾನೆ, ಎದುರಿನವರಿಗೆ ತನ್ನ ಉಸಿರು ತಾಗದ ಹಾಗೆ. ಮದುವೆಯಾಗಿ ಮೈಸೂರಿಗೆ ಬಂದು ಕನ್ನಡ ಅಕ್ಷರ ಕಲಿತ ನಾನು ಮಗನ ಅಂಗಿಗಳನ್ನು ಮೂಸಿ ನೋಡಿಯೇ ಮೆಷಿನ್ನಿಗೆ ಹಾಕುತ್ತೇನೆ. "ಏನಮ್ಮಾ, ಪೊಲೀಸ್ ನಾಯಿ ಕೆಲಸ ಸಿಕ್ತಾ?" ಎನ್ನುತ್ತಾನೆ ಅವನು. ನಗುತ್ತೇನೆ, ಮೂಸುವುದು ಬಿಡುವುದಿಲ್ಲ.

ನಮ್ಮ ಬೀದಿಯಲ್ಲೀಗ ಪಾವು ಹಾಸುವವರಿಲ್ಲ. ದಾರಿತಪ್ಪಿದ ಹುಡುಗರನ್ನು ದೂರದ ಯಾವುದೋ ಕೇಂದ್ರಕ್ಕೆ ಮುಚ್ಚಿದ ಕಾರಿನಲ್ಲಿ ಬಿಟ್ಟುಬರುತ್ತಾರೆ. ಪಕ್ಕದ ಮನೆಗೂ ಸುದ್ದಿಯಿಲ್ಲ. 'ಇವನು ನಮ್ಮ ಹುಡುಗ, ನಮಗೆ ಕೊಡಿ' ಎಂದು ಸ್ಟೇಷನ್ನಿಗೆ ಹೋಗುವ ಬೀದಿಯನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಅಂಥ ಬೀದಿ ನಮಗಿತ್ತು. ಒಂದು ಹನಿ ಎಣ್ಣೆಗೆ ಅದನ್ನು ಕಳೆದುಕೊಂಡೆವು.

ಹೋದ ಸಲ ಊರಿಗೆ ಹೋದಾಗ ಕೇಳಿಯೇಬಿಟ್ಟೆ: "ಅವತ್ತು ನೀನಾದ್ರೂ ಯಾಕೆ ಬಾಯಿ ಬಿಡ್ಲಿಲ್ಲಣ್ಣಾ?"

ಅಣ್ಣ ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದ: "ಪಾವು ಒಣಗ್ತಾ ಇತ್ತಲ್ಲ."